ಸಂಕಮ್ಮ ಕೊಡದ ಭಾಷೆ

ಕಂಸಾಳೆಯವರು ಸಂಕಮ್ಮನ ಸಾಲು ಹಿಡಿದರೆಂದರೆ ಕೇಳುತ್ತ ಕೂತ ಹೆಂಗಸರ ಕಣ್ಣು ಒದ್ದೆಯಾಗುತ್ತವೆ. ಗಂಡಸರು 'ಎಂಥಾ ಪತಿವ್ರತೆ!' ಅಂತ ತಲೆದೂಗುತ್ತಾರೆ. ಈ ತಲೆದೂಗುವುದರ ಬಗ್ಗೆಯೇ ನಮ್ಮ ತಕರಾರು.

ಮಾದಪ್ಪನ ಕಾವ್ಯದ ಈ ಕತೆ ಗೊತ್ತಿರುವುದೇ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುತ್ತಾನೆ. ತಾನು ಬರುವ ತನಕ ನೇಮದಿಂದಿರುತ್ತೇನೆಂದು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಕೊಡುತ್ತಾನೆ, ಆದರೂ ಕೊಡುವುದಿಲ್ಲ. ಕೊನೆಗೆ ಮಾಟಮಂತ್ರದ ಕಾವಲು ಹಾಕಿ, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದೇಶ್ವರ ಜಂಗಮನಾಗಿ ಬಂದು ಬಿಡಿಸುತ್ತಾನೆ. ಅವನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ.

ಇವಳು ನೀವು ಹೇಳುವ ಪತಿವ್ರತೆಯಾಗಿದ್ದರೆ ಗಂಡ ಕೇಳಿದ ಕೂಡಲೇ ಕೈ ಚಾಚುತ್ತಿದ್ದಳು. 'ತಪ್ಪು ಮಾಡದೋಳಿಗೆ ಒಂದು ಭಾಷೆ ಕೊಡೋಕೇನು ಕಷ್ಟ?' ಅನ್ನುವವರಿದ್ದಾರೆ. ತಪ್ಪು ಮಾಡದವಳು ಯಾಕೆ ಕೊಡಬೇಕು? ಕೊಟ್ಟರೆ ಸಂಶಯವನ್ನೇ ಒಪ್ಪಿಕೊಂಡಂತಲ್ಲವೆ? ಮನೆ ಬಿಟ್ಟು ಹೊರಟವನು ನೀಲೇಗೌಡ. ಅವನಿಂದ ಯಾರು ಭಾಷೆ ಕೇಳಿದರು? ಈ ಪ್ರಶ್ನೆ ಏಳದಂತೆ ನೋಡಿಕೊಳ್ಳುವುದೇ ರೂಢಿಯ ಕೆಲಸ. ಅಗ್ನಿಪರೀಕ್ಷೆಗೆ ಇಳಿದ ಸೀತೆಯನ್ನು ಮಾದರಿ ಅಂತ ಪಾಠ ಮಾಡುವ ಮೇಷ್ಟ್ರುಗಳು ಮೊದಲಿಗೇ ಒಲ್ಲೆನೆಂದ ಸಂಕಮ್ಮನನ್ನೂ ಒಂದು ಸಲ ಪಾಠ ಮಾಡಲಿ.

ಹಾಗಂತ ಕಾವ್ಯವನ್ನು ನಾವು ಪೂರ್ತಿ ಒಪ್ಪಲಾರೆವು. ಬಿಡಿಸಲು ಬಂದ ದೇವರೂ ಪುಕ್ಕಟೆ ಬಿಡಿಸಲಿಲ್ಲ. ಇಬ್ಬರು ಮಕ್ಕಳಲ್ಲಿ ಒಂದು ತನಗೆ ಅಂತ ಅವನೂ ಭಾಷೆ ಕೇಳಿದ. ಗಂಡನಿಗೆ ಚಾಚದ ಕೈಯನ್ನು ದೇವರಿಗೆ ಚಾಚಬೇಕಾಯಿತು. ತಾಯ್ತನದ ಆಚೆಗೆ ಹೆಣ್ಣಿಗೊಂದು ಬಿಡುಗಡೆಯಿದೆ ಎಂಬುದು ಹಾಡಿಗೂ ಹೊಳೆಯಲಿಲ್ಲ. ಆದರೆ ಅವಳ 'ಇಲ್ಲ'ವನ್ನು ಹಾಡು ಮುಚ್ಚಿಡಲಿಲ್ಲ. ಕಂಠದಿಂದ ಕಂಠಕ್ಕೆ ಅದನ್ನು ಉಳಿಸಿಕೊಂಡು ಬಂದ ನಮ್ಮ ಹಾಡುಗಾರರ ಋಣ ದೊಡ್ಡದು.

ನೀಲೇಗೌಡ ಮೇಲ್ಜಾತಿಯ ಧಣಿಯಲ್ಲ. ನಮ್ಮಂತೆಯೇ ಊರಾಚೆಯವನು. ಇಲ್ಲೇ ನಾವು ಎದೆ ಮುಟ್ಟಿ ನೋಡಿಕೊಳ್ಳಬೇಕು. ಸಭೆಯಲ್ಲಿ ಸಮಾನತೆ ಅಂತ ಕೂಗಿ ಬಂದವರು ಮನೆಯಲ್ಲಿ 'ಇಷ್ಟೊತ್ತು ಎಲ್ಲಿಗೋಗಿದ್ದೆ?' ಅಂತ ಗದರುತ್ತೇವೆ. ಕರಪತ್ರ ಹಂಚುವವರು ನಾವು, ಟೀ ಕಾಸುವವಳು ಅವಳು. ಹೆಣ್ಣಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡಬೇಕಿದ್ದ ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟರೆಂಬುದೂ ಬಾಬಾಸಾಹೇಬರು 1951ರಲ್ಲಿ ಮಂತ್ರಿಪದವಿ ಬಿಡಲು ಒಂದು ಕಾರಣ. ಅವರ ಪಟದ ಕೆಳಗೇ ಕೂತು ಹೆಂಡತಿಯ ಕೈಯಿಂದ ಭಾಷೆ ಕೇಳುವುದು ಯಾವ ಸೀಮೆಯ ಹೋರಾಟ? ಹೆಂಡತಿಯನ್ನು ಗಂಡನ ಸೊತ್ತಿನಂತೆ ಎಣಿಸಿದ್ದ ವ್ಯಭಿಚಾರದ ಕಾನೂನನ್ನು ಸುಪ್ರೀಂ ಕೋರ್ಟು 2018ರಲ್ಲಿ ರದ್ದು ಮಾಡಿತು. ಕಾನೂನು ಬಿಟ್ಟರೂ ಊರು ಬಿಟ್ಟಿಲ್ಲ, ನಾವೂ ಬಿಟ್ಟಿಲ್ಲ.

ಗೆಳೆಯರೆ, ಮುಂದಿನ ಸಲ ಸಂಕಮ್ಮನ ಸಾಲು ಕೇಳುವಾಗ ಪತಿವ್ರತೆ ಅಂತ ಹೊಗಳುವುದು ಬೇಡ. ಗುಡಿಸಲ ಬಾಗಿಲು ಹಾಕಿದ ಕೈ ಯಾರದು ಅಂತ ನಮ್ಮ ನಮ್ಮ ಕೈ ನೋಡಿಕೊಳ್ಳೋಣ.