ನಾದಶಿಲ್ಪದ ಉಳಿವು: ಬಾಶೆ ಸೋದರರ ಕೃತಿಗಳನ್ನು ಕುರಿತು ಒಂದು ವಿಮರ್ಶೆ

ಶಿಲ್ಪವು ಕಣ್ಣಿಗೆ ವಿಷಯ, ಸಂಗೀತವು ಕಿವಿಗೆ ವಿಷಯ ಎಂಬ ವಿಭಾಗವು ಬಹುಕಾಲದಿಂದ ನಡೆದುಬಂದಿದೆ. ಈ ವಿಭಾಗಕ್ಕೆ ಒಳಪಡದ ಒಂದು ಬಗೆಯ ಕೃತಿಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡುವು. ಅವು ಆಕಾರದಲ್ಲಿ ಶಿಲ್ಪ, ಕಾರ್ಯದಲ್ಲಿ ವಾದ್ಯ. ಪ್ರೇಕ್ಷಕನು ದೂರದಲ್ಲಿ ನಿಂತು ನೋಡಿ ತೆರಳುವುದರ ಬದಲು ಅವುಗಳ ನಡುವೆ ಹೊಕ್ಕು, ಮುಟ್ಟಿ, ನುಡಿಸಿ ಅರಿಯಬೇಕು. ಇವನ್ನು ನಾದಶಿಲ್ಪಗಳೆಂದು ಕರೆಯಬಹುದು. ಇವುಗಳ ಚೆಲುವನ್ನು ಕಲಾವಿಮರ್ಶಕರು ವಿವೇಚಿಸಿದ್ದಾರೆ. ಇತಿಹಾಸದ ವಿದ್ಯಾರ್ಥಿಗೆ ಏಳುವ ಪ್ರಶ್ನೆ ಬೇರೆ: ಇಂಥ ಕೃತಿಯಲ್ಲಿ ಏನು ಉಳಿದರೆ ಕೃತಿಯೇ ಉಳಿಯಿತೆಂದು ಹೇಳಬಹುದು? ಈ ಪ್ರಶ್ನೆಯನ್ನು ಫ್ರಾನ್ಸಿನ ಬಾಶೆ ಸೋದರರ ಕೃತಿಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಣ್ಣ ಬರ್ನಾರ್ ಬಾಶೆ (1917–2015) ಎಂಜಿನಿಯರು. ತಮ್ಮ ಫ್ರಾಂಸ್ವಾ ಬಾಶೆ (1920–2014) ಶಿಲ್ಪಿ. 1950ರ ದಶಕದ ಆದಿಯಲ್ಲಿ ಇವರಿಬ್ಬರೂ ಸೇರಿ ವಾದ್ಯಗಳ ರಚನೆಯನ್ನು ಬಿಡಿಸಿ ನೋಡತೊಡಗಿದರು. ಅವರ ವಿಶ್ಲೇಷಣೆಯನ್ನು ನಮ್ಮ ತಂಬೂರಿಯಿಂದಲೇ ಸುಲಭವಾಗಿ ತಿಳಿಯಬಹುದು. ಕಂಪಿಸುವುದು ತಂತಿ, ಅದನ್ನು ಕಂಪಿಸುವಂತೆ ಮಾಡುವುದು ಬೆರಳು, ಸ್ಥಾಯಿಯನ್ನು ನಿಶ್ಚಯಿಸುವುದು ಬಿರಡೆ, ನಾದವನ್ನು ಹಿಗ್ಗಿಸಿ ಹೊರಗೆ ಹರಡುವುದು ಬುರುಡೆ. ಈ ನಾಲ್ಕು ಅಂಗಗಳನ್ನು ಬೇರ್ಪಡಿಸಿಕೊಂಡರೆ, ಒಂದೊಂದಕ್ಕೂ ಹೊಸ ವಸ್ತುವನ್ನು ಹೊಸ ಆಕಾರದಲ್ಲಿ ಹೂಡಬಹುದು. ಬಾಶೆ ಸೋದರರು ತಂತಿಯ ಎಡೆಯಲ್ಲಿ ಉಕ್ಕಿನ ಸರಳನ್ನೂ, ಬುರುಡೆಯ ಎಡೆಯಲ್ಲಿ ಹೂವಿನ ಎಸಳಿನಂತೆ ಬಾಗಿದ ಲೋಹದ ತಗಡನ್ನೂ ಇಟ್ಟರು. 1952ರಲ್ಲಿ ಸಿದ್ಧವಾದ, ಅವರ ಹೆಸರಿನಿಂದಲೇ ಪ್ರಸಿದ್ಧವಾದ ಸ್ಫಟಿಕವಾದ್ಯದಲ್ಲಿ ಒದ್ದೆ ಬೆರಳಿನಿಂದ ಗಾಜಿನ ಕಡ್ಡಿಗಳನ್ನು ಉಜ್ಜಬೇಕು. ಕಡ್ಡಿಯ ಕಂಪನವು ಲೋಹಕ್ಕೆ ಹರಿದು ಅಲ್ಲಿಂದ ತಗಡಿಗೆ ಮುಟ್ಟಿ ನಾದವಾಗುತ್ತದೆ. ವಿದ್ಯುತ್ತಿನ ಪ್ರಮೇಯವೇ ಇಲ್ಲ. ನಾದವನ್ನು ಹರಡುವ ತಗಡು ದೊಡ್ಡದಾದಂತೆ ವಾದ್ಯವು ತಾನಾಗಿಯೇ ಶಿಲ್ಪವಾಯಿತು. ಅಲಂಕಾರಕ್ಕಾಗಿ ಸೇರಿಸಿದ ಆಕಾರ ಇದಲ್ಲ, ಕಾರ್ಯದಿಂದ ಒದಗಿದ ಆಕಾರ ಎಂಬುದೇ ಈ ಕೃತಿಗಳ ಮುಖ್ಯ ಗುಣ.

ಈ ಪ್ರಯೋಗದ ಅತ್ಯಂತ ವಿಸ್ತಾರವಾದ ರೂಪವು 1970ರಲ್ಲಿ ಜಪಾನಿನ ಒಸಾಕಾ ವಿಶ್ವಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ವಾಸ್ತುಶಿಲ್ಪಿ ಕುನಿಯೊ ಮಾಯೆಕಾವಾ ಅಲ್ಲಿನ ಉಕ್ಕಿನ ಮಂಟಪವನ್ನು ರಚಿಸಿದ್ದನು. ಅದರ ಸಂಗೀತದ ಹೊಣೆ ತೋರು ತಾಕೆಮಿತ್ಸುವಿನದು. ತಾಕೆಮಿತ್ಸುವಿನ ಆಹ್ವಾನದ ಮೇಲೆ ಫ್ರಾಂಸ್ವಾ ಜಪಾನಿಗೆ ಹೋಗಿ, ಅಲ್ಲಿನ ಸಹಾಯಕರೊಡನೆ ಹದಿನೇಳು ನಾದಶಿಲ್ಪಗಳನ್ನು ನಿರ್ಮಿಸಿದನು. ಅವುಗಳಿಗೆ ಇಕೇದಾ, ಕಾವಾಕಾಮಿ, ತಾಕಾಗಿ ಮುಂತಾದ ಆ ಸಹಾಯಕರ ಹೆಸರುಗಳನ್ನೇ ಇಟ್ಟನು. ಆಳೆತ್ತರವನ್ನು ಮೀರಿದ ಕೃತಿಗಳೂ ಅವುಗಳಲ್ಲಿದ್ದುವು.

ಅದೇ ಮಂಟಪದ ಒಳಗಿನ ರಂಗಶಾಲೆಯಲ್ಲಿ ಸಾವಿರಕ್ಕೂ ಹೆಚ್ಚು ಧ್ವನಿವರ್ಧಕಗಳನ್ನು ಗೋಡೆ, ಛಾವಣಿ, ನೆಲಗಳಲ್ಲೆಲ್ಲ ಅಳವಡಿಸಲಾಗಿತ್ತು. ಯಾನಿಸ್ ಕ್ಸೆನಾಕಿಸ್ ಮುಂತಾದವರು ಅದಕ್ಕಾಗಿ ಧ್ವನಿಸುರುಳಿಯ ಸಂಗೀತವನ್ನು ರಚಿಸಿದರು. ಹೀಗೆ ಒಂದೇ ಸೂರಿನಡಿ ಪರಸ್ಪರ ವಿರುದ್ಧವಾದ ಎರಡು ತತ್ತ್ವಗಳು ನೆರೆಹೊರೆಯಾದುವು. ಧ್ವನಿವರ್ಧಕದ ಸಂಗೀತದಲ್ಲಿ ನಾದದ ಮೂಲವು ಮರೆಯಲ್ಲಿರುತ್ತದೆ, ಕೇಳುಗನು ಕುಳಿತಿರುತ್ತಾನೆ. ಬಾಶೆಯ ಶಿಲ್ಪದಲ್ಲಿ ಯಾವ ಸರಳನ್ನು ಮುಟ್ಟಿದರೆ ಯಾವ ತಗಡು ಮಿಡಿಯುತ್ತದೆಂಬುದು ಕಣ್ಣೆದುರಿಗೇ ಇರುತ್ತದೆ. ಸಂಗೀತವನ್ನು ಕಲಿಯದವನೂ ಕಾರಣವನ್ನೂ ಕಾರ್ಯವನ್ನೂ ಒಟ್ಟಿಗೆ ಕಾಣಬಲ್ಲನು. ಇದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯೂ ಔದಾರ್ಯವೂ ಇವೆಯೆಂದು ನನ್ನ ಅಭಿಪ್ರಾಯ.

ಆದರೆ ದೋಷವೂ ಈ ಗುಣದ ಮಗ್ಗುಲಲ್ಲಿಯೇ ಇದೆ. ಪ್ರದರ್ಶನವು ಆರು ತಿಂಗಳಲ್ಲಿ ಮುಗಿಯಿತು. ಶಿಲ್ಪಗಳನ್ನು ಬಿಚ್ಚಿ ದಾಸ್ತಾನಿಗೆ ಸೇರಿಸಲಾಯಿತು. ರಂಗಶಾಲೆಗೆಂದು ರಚಿತವಾದ ಸಂಗೀತಕ್ಕೆ ಸುರುಳಿಯ ಆಸರೆಯಿತ್ತು; ಯಂತ್ರ ದೊರೆತೆಡೆಯಲ್ಲಿ ಅದನ್ನು ಕೇಳಬಹುದಾಗಿತ್ತು. ವಾದಕನನ್ನು ನೆಚ್ಚಿದ ನಾದಶಿಲ್ಪವು ಮಾತ್ರ ವಾದಕನಿಲ್ಲದೆ ಬರಿಯ ಉಕ್ಕಾಯಿತು. ವೀಣೆಗೆ ಶಿಷ್ಯಪರಂಪರೆಯೂ, ಪಾಠಕ್ರಮವೂ, ಅದನ್ನು ಮತ್ತೆ ಮಾಡಬಲ್ಲ ಕುಶಲಿಗಳ ಮನೆತನಗಳೂ ಇವೆ. ಒಂದು ವೀಣೆ ಒಡೆದರೆ ವೀಣಾವಾದನ ಅಳಿಯುವುದಿಲ್ಲ. ಒಂದೊಂದೂ ಏಕೈಕವಾದ ನಾದಶಿಲ್ಪಕ್ಕೆ ಈ ಬೆಂಬಲವಿಲ್ಲ. ತನ್ನ ವಾದನಕ್ರಮವನ್ನು ತನ್ನೊಡನೆ ಉಳಿಸಿಕೊಳ್ಳುವ ಏರ್ಪಾಡನ್ನು ಮಾಡದಿರುವುದು ಈ ಕಲೆಯ ಮೂಲದೌರ್ಬಲ್ಯವೆನ್ನಬೇಕಾಗುತ್ತದೆ.

ಉಕ್ಕಿನ ಮಂಟಪವು 2010ರಲ್ಲಿ ವಸ್ತುಸಂಗ್ರಹಾಲಯವಾಗಿ ಮತ್ತೆ ತೆರೆಯಿತು. ಆ ಬಳಿಕ ಹದಿನೇಳರಲ್ಲಿ ಕೆಲವನ್ನು ಮತ್ತೆ ಜೋಡಿಸಿ ನುಡಿಸಲಾಗಿದೆ. ನಲವತ್ತು ವರ್ಷಗಳ ಮೌನದ ಅನಂತರ ಇದು ಸಾಧ್ಯವಾದದ್ದು ಶ್ಲಾಘ್ಯವೇ ಸರಿ. ಆದರೆ ಛಾಯಾಚಿತ್ರವು ಎಸಳಿನ ಬಾಗನ್ನು ತೋರಿಸಬಲ್ಲುದೇ ಹೊರತು ತಿರುಪಿನ ಬಿಗಿಯನ್ನಾಗಲಿ, ಹೊಡೆವ ಕೈಯ ಭಾರವನ್ನಾಗಲಿ ತೋರಿಸಲಾರದು. ರೂಪದ ಉದ್ಧಾರ ಬೇರೆ, ನಾದದ ಉದ್ಧಾರ ಬೇರೆ.

ಈ ವ್ಯತ್ಯಾಸವು ನಮ್ಮ ನಾಡಿನ ಒಂದು ವಿವಾದಕ್ಕೂ ಬೆಳಕು ಬೀರುತ್ತದೆ. ಹಂಪೆಯ ವಿಠ್ಠಲ ದೇವಾಲಯದ ಮಹಾಮಂಟಪವೂ ಜನರು ಒಳಹೊಕ್ಕು ತಟ್ಟಿ ನಾದ ಕೇಳುತ್ತಿದ್ದ ಕಟ್ಟಡವೇ. ಅದರ ಐವತ್ತಾರು ಕಂಬಗಳನ್ನು ಸರಿಗಮ ಕಂಬಗಳೆಂದು ಜನ ಕರೆಯುತ್ತಾರೆ. ವಿಜಯನಗರದ ಕಾಲದಲ್ಲಿ ಇಲ್ಲಿ ಕಂಬಗಳಿಂದಲೇ ಕಚೇರಿ ನಡೆಯುತ್ತಿತ್ತೆಂಬ ಮಾತೂ ಪ್ರಚಾರದಲ್ಲಿದೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳ ಪರೀಕ್ಷೆಯಂತೆ ಈ ಕಂಬಗಳು ಪೊಳ್ಳಲ್ಲ, ಗಟ್ಟಿಯಾದ ಗ್ರಾನೈಟು. ತಟ್ಟಿದಾಗ ಅವು ಬಾಗಿ ಕಂಪಿಸುವುದರಿಂದ ನಾದ ಹೊರಡುತ್ತದೆ. ನಾದವು ನಿಜ, ಆದರೆ ನಾದವೊಂದರಿಂದಲೇ ವಾದ್ಯವೆಂಬುದು ಸಿದ್ಧಿಸುವುದಿಲ್ಲ. ಶಾಸನವು ಕ್ರಿ. ಶ. 1554ರಲ್ಲಿ ಉದಯಗಿರಿ ತಿಮ್ಮರಾಜನು ಕಟ್ಟಿಸಿದ ಈ ಮಂಟಪವನ್ನು ಉಯ್ಯಾಲೆಯ ಮಂಟಪವೆಂದು ಹೆಸರಿಸುತ್ತದೆ. ಆ ಹೆಸರು ದೇವರ ಉತ್ಸವವನ್ನು ಸೂಚಿಸುತ್ತದೆಯೇ ಹೊರತು ಕಂಬಗಳ ವಾದನವನ್ನಲ್ಲ. 1565ರಲ್ಲಿ ರಾಜಧಾನಿಯೇ ಹಾಳಾಯಿತು. ಕಂಬಗಳನ್ನು ನುಡಿಸುವ ಸಂಪ್ರದಾಯವೊಂದು ಇದ್ದಿದ್ದರೂ, ಬೇರೂರಲು ಅದಕ್ಕೆ ದೊರೆತ ಅವಧಿ ಹನ್ನೊಂದೇ ವರ್ಷ. ಒಸಾಕಾದಲ್ಲಿ ಕರ್ತೃವಿನ ಉದ್ದೇಶವಾದರೂ ದಾಖಲೆಯಾಗಿದೆ. ಹಂಪೆಯಲ್ಲಿ ನಮ್ಮ ಮುಂದಿರುವುದು ರೂಪವೂ ನಾದವೂ ಮಾತ್ರ. ಇವೆರಡರ ನಡುವೆ ಇರಬೇಕಾದ ವಾದಕನನ್ನು ಕಲ್ಪನೆಯಿಂದ ತುಂಬುವುದು ಇತಿಹಾಸವಾಗಲಾರದು.

ಕಂಬಗಳನ್ನು ತಟ್ಟುವುದಕ್ಕೆ ಈಗ ನಿಷೇಧವಿದೆ. ಇದು ಯುಕ್ತವೇ, ಹೊಡೆತದಿಂದ ಸವೆದ ಕಲ್ಲನ್ನು ಯಾರೂ ಮತ್ತೆ ಎರಕ ಹೊಯ್ಯಲಾರರು. ಆದರೆ ನಿಷೇಧಕ್ಕೆ ಮುನ್ನ ಯಾತ್ರಿಕರಿಗಾಗಿ ಅವನ್ನು ತಟ್ಟಿ ತೋರಿಸುತ್ತಿದ್ದ ಮಾರ್ಗದರ್ಶಕರ ತಲೆಮಾರೊಂದು ಇತ್ತು. ಯಾವ ಕಿರುಗಂಬವನ್ನು ಎಲ್ಲಿ, ಯಾವುದರಿಂದ, ಎಷ್ಟು ಮೆಲ್ಲನೆ ಮುಟ್ಟಬೇಕೆಂಬುದು ಅವರ ಕೈಗೆ ತಿಳಿದಿತ್ತು. ಆ ತಿಳಿವು ವಿಜಯನಗರದ ಕಾಲದ್ದಲ್ಲ, ಈಚಿನದು. ಹಾಗೆಂದು ಸ್ಪಷ್ಟವಾಗಿ ಗುರುತಿಸಿಯೇ ಅದನ್ನು ಅವರ ಬಾಯಿಂದ ಬರೆದುಕೊಳ್ಳಬೇಕು. ಕೃತಿಯ ರಕ್ಷಣೆಯೆಂದರೆ ಅದರ ಒಡಲಿನ ರಕ್ಷಣೆ ಮಾತ್ರವಲ್ಲ, ಅದನ್ನು ನುಡಿಸಿದ ಕೈಗಳ ನೆನಪಿನ ರಕ್ಷಣೆಯೂ ಹೌದು. ಒಸಾಕಾದಲ್ಲಿ ನಲವತ್ತು ವರ್ಷ ತಡವಾಗಿ ಆರಂಭವಾದ ಈ ಕೆಲಸವನ್ನು ಹಂಪೆಯಲ್ಲಿ ಆ ಹಿರಿಯರು ನಮ್ಮ ನಡುವೆ ಇರುವಾಗಲೇ ಕೈಗೊಳ್ಳುವುದು ನಮ್ಮ ವಿಭಾಗಗಳ ಕರ್ತವ್ಯವಾಗಿದೆ.