ಶಾಸನಪಾಠ ಮತ್ತು ಗಣಕಪಾಠ

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಈಗ ಗಣಕದ ತೆರೆಯ ಮೇಲೆ ಯಾರಿಗಾದರೂ ಸುಲಭವಾಗಿ ದೊರೆಯುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳು ಇದರಲ್ಲಿವೆ. ದೂರದ ಊರಿನ ಅಭ್ಯಾಸಿಗೆ ಇದು ಅಲ್ಪವಾದ ಉಪಕಾರವಲ್ಲ. ಆದರೆ ಅಚ್ಚಾದ ಪುಟದ ಛಾಯಾಪ್ರತಿ ಬೇರೆ, ಅದನ್ನು ನೋಡಿ ಬೆರಳಚ್ಚು ಮಾಡಿದ ಪಾಠ ಬೇರೆ. ಎರಡನ್ನೂ ಸಮಾನಪ್ರಮಾಣವೆಂದು ಗ್ರಹಿಸುವುದು ಯುಕ್ತವಲ್ಲ.

ನಂದಿಯ ಗೋಪಿನಾಥಬೆಟ್ಟದ ಜೈನ ಶಿಲಾಶಾಸನವನ್ನು (ಚಿಕ್ಕಬಳ್ಳಾಪುರ 29) ಪರಿಶೀಲಿಸಬಹುದು. ಅಲ್ಲಿಯ ಅರ್ಹಂತನ ಚೈತ್ಯವನ್ನು ದಾಶರಥಿ ರಾಮನು ಸ್ಥಾಪಿಸಿದನೆಂದೂ, ಪಾಂಡವಜನನಿ ಕುಂತಿಯು ಜೀರ್ಣೋದ್ಧಾರ ಮಾಡಿಸಿದಳೆಂದೂ ಇದು ಹೇಳುತ್ತದೆ. ರೈಸ್ ಅವರು ಇದರ ಕಾಲವನ್ನು ಕ್ರಿ.ಶ. ಸುಮಾರು 750 ಎಂದು ಊಹಿಸಿದರು. ಕಾಲನಿರ್ದೇಶವಿಲ್ಲದ ಶಾಸನಕ್ಕೆ ಅಕ್ಷರಗಳ ಆಕೃತಿಯೇ ಮುಖ್ಯ ಸಾಕ್ಷಿ. ಬೆರಳಚ್ಚಿನ ಪಾಠದಲ್ಲಾದರೋ ಎಂಟನೆಯ ಶತಮಾನದ ಅಕ್ಷರಕ್ಕೂ ಹದಿನೆಂಟನೆಯ ಶತಮಾನದ ಅಕ್ಷರಕ್ಕೂ ಒಂದೇ ಮೈಕಟ್ಟು. ಸೂಚಿಯಲ್ಲಿ 'ಸುಮಾರು' ಎಂಬ ಪದವೂ ಬಿಟ್ಟುಹೋದರೆ ಊಹೆಯು ನಿರ್ಣಯವಾಗಿ ಪರಿಣಮಿಸುತ್ತದೆ. (2007ರಲ್ಲಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯ ಹೆಸರಿನಿಂದ ಹುಡುಕುವವನಿಗೆ ಕೋಲಾರ ಜಿಲ್ಲೆಯ ಹೆಸರಿನಲ್ಲಿರುವ ಈ ಸಂಪುಟವೇ ಕಾಣದೆ ಹೋಗುವ ಸಂಭವವೂ ಉಂಟು.)

ಱ, ೞ ಅಕ್ಷರಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ. ೞಕಾರಕ್ಕೆ ಅಲ್ಲಿ 'ಫ' ಎಂಬ ವಿಚಿತ್ರ ಹೆಸರು ಬಿದ್ದಿದೆ. ತಪ್ಪೆಂದು ತಿಳಿದ ಮೇಲೂ, ಒಮ್ಮೆ ಇಟ್ಟ ಹೆಸರನ್ನು ಬದಲಿಸಲಾಗದೆಂಬ ನಿಯಮದಿಂದ ಅದು ಉಳಿದುಕೊಂಡಿದೆ. ಇದರಿಂದ ಪಾಠಕ್ಕೆ ಹಾನಿಯಿಲ್ಲ. ಹಾನಿಯಾಗುವುದು ವೀರಗಲ್ಲಿನ 'ತುಱು' 'ತುರು'ವಾದಾಗ, ಶಾಪವಾಕ್ಯದ 'ಅೞಿ' 'ಅಳಿ'ಯಾದಾಗ. ಶಾಸನದಲ್ಲಿಯೇ ಈ ಅಕ್ಷರಗಳು ಪಲ್ಲಟಗೊಂಡಿದ್ದರೆ ಅದು ಭಾಷಾಚರಿತ್ರೆಗೆ ಆಧಾರ. ಬೆರಳಚ್ಚಿನವನು ಪಲ್ಲಟಗೊಳಿಸಿದ್ದರೆ ಬರಿಯ ಪ್ರಮಾದ. ಮೂಲದ ಛಾಯೆ ಪಕ್ಕದಲ್ಲಿಲ್ಲದಿದ್ದರೆ ಇವೆರಡನ್ನು ವಿವೇಚಿಸುವ ಬಗೆ ಯಾವುದು?

ಮೂಲವನ್ನು ನೋಡುವುದರಿಂದ ಏನಾಗುತ್ತದೆಂಬುದು ಜೈನವಿದ್ವಾಂಸರಿಗೆ ಹೊಸತಲ್ಲ. ಹೀರಾಲಾಲ್ ಜೈನ್ ಅವರು 1939ರಲ್ಲಿ ಧವಲಾಟೀಕೆಯ ಮೊದಲನೆಯ ಸಂಪುಟವನ್ನು ಪ್ರಕಟಿಸಿದಾಗ, ಅವರಿಗೆ ದೊರೆತ ಪ್ರತಿಗಳಲ್ಲಿ 93ನೆಯ ಸೂತ್ರದ 'ಸಂಜದ' ಪದವಿರಲಿಲ್ಲ. ಅದು ಇರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿತವಾಯಿತು. ಮುಂದೆ ಮೂಡುಬಿದಿರೆಯ ತಾಳೆಗರಿಯಲ್ಲಿ ಆ ಪದ ಕಂಡುಬಂದಿತು. ಸ್ತ್ರೀಯರ ಗುಣಸ್ಥಾನವನ್ನು ಕುರಿತ ದೊಡ್ಡ ವಾದವೇ ಈ ಒಂದು ಪದವನ್ನು ಅವಲಂಬಿಸಿತ್ತು. ಅಡಿಟಿಪ್ಪಣಿಗಳನ್ನು ಕಿತ್ತು ಸೂತ್ರಗಳನ್ನಷ್ಟೇ ಉಣಿಸಿದ ಗಣಕಪಾಠದಲ್ಲಿ ಇಂತಹ ಸೂಚನೆಗೆ ಎಡೆಯಿಲ್ಲ. ಓಲೆಗರಿಯ ಲಿಪಿಕಾರನಾದರೂ ಅನೇಕ ವೇಳೆ ಕೊನೆಗೆ ತನ್ನ ಹೆಸರು ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬುಧರನ್ನು ಬೇಡುತ್ತಿದ್ದನು.

ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ತೆಗೆಯುತ್ತ ಬಂದಿದೆ. ಸವೆದ ಅಕ್ಷರವನ್ನೂ ಬೆಳಕು ತಿರುಗಿಸಿ ಓದಲು ಬರುವ ಈ ಕ್ರಮವು ನಂದಿಯ ಬಂಡೆಗೂ ಅನ್ವಯವಾಗಬೇಕು. ಆ ಪ್ರತಿಯ ಪಕ್ಕದಲ್ಲಿ ರೈಸ್ ಅವರ ಪಾಠವನ್ನೂ, ಓದಿದವರ ಹೆಸರನ್ನೂ, ಸಂದೇಹವಿರುವ ಅಕ್ಷರಗಳನ್ನೂ ಗುರುತಿಸಿ ಇಡುವುದು ಅವಶ್ಯ.