ವಿಭಾಗಪತ್ರ ಒಡ್ಡುವ ಪರೀಕ್ಷೆ

ವಕೀಲರ ಕಚೇರಿಯಲ್ಲಾಗಲಿ ಪತ್ರಬರಹಗಾರರ ಮೇಜಿನ ಮೇಲಾಗಲಿ ಹೊಸ ದಸ್ತಾವೇಜು ಹುಟ್ಟುವ ಬಗೆ ಹೆಚ್ಚುಕಡಿಮೆ ಒಂದೇ. ಹಳೆಯ ಪತ್ರವೊಂದನ್ನು ತೆರೆದು, ಹೆಸರು ಬದಲಿಸಿ, ಚಕ್ಕುಬಂದಿ ತಿದ್ದಿ, ಬೇರೆ ಕಡತವಾಗಿ ಉಳಿಸುತ್ತಾರೆ. ಹಿಂದಿನ ಕಕ್ಷಿದಾರರ ಸರ್ವೆ ನಂಬರು ಹೊಸಬರ ಪತ್ರದಲ್ಲಿ ಉಳಿದುಹೋದರೆ ಯಾರಾದರೂ ಹಿಡಿಯುತ್ತಾರೆ. ಆದರೆ ಹಳೆಯ ಪತ್ರದ ಜೊತೆಗೆ ಅದನ್ನು ಬರೆದ ಕಾಲದ ಕಾನೂನೂ ನಕಲಾಗುತ್ತದೆ, ಮತ್ತು ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ದಸ್ತಾವೇಜು ಜೋಡಿಸುವ ತಂತ್ರಾಂಶಗಳು ಪರಿಹಾರವಾಗಿ ಬರುವುದು ಇಲ್ಲಿಗೇ. ಅವು ಪ್ರಶ್ನೆ ಕೇಳುತ್ತವೆ, ಉತ್ತರಕ್ಕೆ ತಕ್ಕ ಕಂಡಿಕೆಗಳನ್ನು ಆರಿಸಿ ಪತ್ರ ಕಟ್ಟಿಕೊಡುತ್ತವೆ. ಕೊಳ್ಳುವವರು ಎಷ್ಟು ಮಾದರಿಗಳಿವೆ, ಎಷ್ಟು ಹೊತ್ತು ಉಳಿಯುತ್ತದೆ ಎಂದು ವಿಚಾರಿಸುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದೊಂದಿದೆ: ಹೀಗಿದ್ದರೆ ಈ ಮಾತು, ಇಲ್ಲದಿದ್ದರೆ ಆ ಮಾತು ಎನ್ನುವ ಷರತ್ತು ಆ ತಂತ್ರಾಂಶದೊಳಗೆ ಎಲ್ಲಿ ಕೂತಿದೆ? ಕಾನೂನು ಬಲ್ಲವರು ಅದನ್ನು ತಾವೇ ಓದಿ ಸರಿ ತಪ್ಪು ಹೇಳಬಹುದೇ?

ಈ ಪ್ರಶ್ನೆಗೆ ಯಾಕಿಷ್ಟು ತೂಕ ಎಂಬುದಕ್ಕೆ ಕರ್ನಾಟಕದ ವಿಭಾಗಪತ್ರಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದು ರಾಜ್ಯದ ತಿದ್ದುಪಡಿ ಹೇಳಿದ್ದು 1994ರಲ್ಲಿ. ಆದರೆ ಅದು ಜಾರಿಯಾಗುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನು ಅಳಿಸಿತು, 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ವಿಭಾಗಗಳನ್ನು ಮಾತ್ರ ಮುಟ್ಟಲಿಲ್ಲ. 2015ರಲ್ಲಿ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕು ಎಂದಿತು. 2018ರ ದಾನಮ್ಮ ಪ್ರಕರಣದಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದ ಹೋದ ವ್ಯಾಜ್ಯಗಳೇ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು: ತಂದೆ ಆ ದಿನ ಬದುಕಿರಬೇಕಾಗಿಲ್ಲ. ಹೀಗೆ 'ಈ ಪತ್ರಕ್ಕೆ ಯಾರು ಯಾರು ಕಕ್ಷಿಗಳು' ಎಂಬ ಒಂದೇ ಷರತ್ತು ಇಪ್ಪತ್ತಾರು ವರ್ಷಗಳಲ್ಲಿ ಮತ್ತೆ ಮತ್ತೆ ರೂಪ ಬದಲಿಸಿದೆ. 2016ರ ಪತ್ರವನ್ನು ಮಾದರಿಯಾಗಿಟ್ಟುಕೊಂಡ ಕಚೇರಿ ಮನೆಮಗಳನ್ನು ಬಿಟ್ಟೇ ವಿಭಾಗಪತ್ರ ಬರೆಯಬಹುದು. ವಾಕ್ಯಗಳಲ್ಲಿ ಒಂದಕ್ಷರದ ತಪ್ಪೂ ಕಾಣುವುದಿಲ್ಲ.

ವರ್ಡ್‌ನ ಮೇಲ್ ಮರ್ಜ್ ಈ ಪರೀಕ್ಷೆಯಲ್ಲಿ ಬೇಗ ಸೋಲುತ್ತದೆ. ನೂರು ಜನರಿಗೆ ಒಂದೇ ನೋಟಿಸು ಕಳಿಸಲು ಅದು ಸಾಕು, ಚೆನ್ನಾಗಿಯೂ ಇದೆ. ಅದರಲ್ಲೂ 'ಇಫ್' ಫೀಲ್ಡ್ ಇದೆ ನಿಜ, ಆದರೆ ಒಂದರೊಳಗೊಂದು ಮೂರು ಷರತ್ತು ಹೊಕ್ಕ ಮೇಲೆ ಬರೆದವರಿಗೇ ಅದು ಓದಲು ಬಾರದು. ಹಾಟ್‌ಡಾಕ್ಸ್ ದಸ್ತಾವೇಜು ಜೋಡಿಸಲೆಂದೇ ಕಟ್ಟಿದ ತಂತ್ರಾಂಶ, ಬೇರೆಯೇ ಮಟ್ಟದ್ದು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸದಲ್ಲಿ ಅದರ ಬೇರಿದೆ. 1990ರ ದಶಕದಿಂದ ವಕೀಲರ ಕೈಯಲ್ಲಿ ಪಳಗಿದೆ. ಷರತ್ತು ಅಲ್ಲಿ ಮಾದರಿಪತ್ರದ ವಾಕ್ಯಗಳ ನಡುವೆಯೇ ಬಾಣದ ಗುರುತುಗಳೊಳಗೆ ಕಾಣುತ್ತದೆ. ಮಾತು ಮತ್ತು ನಿಯಮ ಒಂದೇ ಪುಟದಲ್ಲಿರುವುದು ವಕೀಲರ ಓದಿಗೆ ದೊಡ್ಡ ಅನುಕೂಲ, ಇದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಪ್ರಶ್ನೆಗಳೂ ಅವುಗಳ ವಿವರಗಳೂ ಇನ್ನೊಂದು ಕಡತದಲ್ಲಿ, ಅದನ್ನು ಮಾರುವ ಕಂಪನಿಯ ಸಲಕರಣೆಯಿಂದಲೇ ಬಳಸಬೇಕಾದ ರೂಪದಲ್ಲಿ ಇರುತ್ತವೆ. ಪರವಾನಗಿ ನಿಲ್ಲಿಸಿದ ದಿನ ಕಚೇರಿ ವರ್ಷಗಟ್ಟಲೆ ಕಟ್ಟಿದ ತಿಳಿವಳಿಕೆಯೂ ಅಲ್ಲೇ ಉಳಿಯುತ್ತದೆ.

ಇದೇ ಬಗೆಯ ಇನ್ನೊಂದು ತಂತ್ರಾಂಶವಾದ ಡಾಕ್ಅಸೆಂಬಲ್ ಹುಟ್ಟಿದ್ದು ಫಿಲಡೆಲ್ಫಿಯಾದ ಕಾನೂನು ನೆರವು ಸಂಸ್ಥೆಯೊಂದರ ವಕೀಲ ಜೊನಾಥನ್ ಪೈಲ್ ಅವರ ಕೈಯಲ್ಲಿ. ಉಚಿತ, ಮೂಲಸಂಕೇತ ಮುಕ್ತ, ಪೈಥಾನ್ ಆಧಾರಿತ. 2020ರಲ್ಲಿ ಕೋವಿಡ್‌ನಿಂದ ನ್ಯಾಯಾಲಯಗಳ ಬಾಗಿಲು ಮುಚ್ಚಿದಾಗ ಸಫೊಕ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಮ್ಯಾಸಚೂಸೆಟ್ಸ್‌ನ ಜನರಿಗಾಗಿ ಅರ್ಜಿ ನಮೂನೆಗಳನ್ನು ಕಟ್ಟಿದ್ದು ಇದರಲ್ಲೇ. ಪ್ರಶ್ನೆ, ಷರತ್ತು, ಕ್ರಮ ಎಲ್ಲವೂ ಸಾದಾ ಪಠ್ಯದ ಕಡತದಲ್ಲಿರುತ್ತವೆ; ಮಾದರಿಪತ್ರ ವರ್ಡ್ ಕಡತವೇ. ಪಠ್ಯವಾದ್ದರಿಂದ ಯಾವ ದಿನ, ಯಾವ ಸಾಲು, ಯಾರಿಂದ ಬದಲಾಯಿತು ಎಂಬ ದಾಖಲೆ ಇಡಬಹುದು. ತೀರ್ಪು ಬಂದ ದಿನ ಒಂದು ಸಾಲು ತಿದ್ದಿದರೆ ಮುಂದಿನ ಪತ್ರಗಳೆಲ್ಲ ಅದರಂತೆ ನಡೆಯುತ್ತವೆ. ಮಾದರಿಪತ್ರದಲ್ಲಿ ಬೇಕಾದ ಉತ್ತರ ಇನ್ನೂ ಸಿಕ್ಕಿಲ್ಲವೆಂದು ಕಂಡಾಗ ಮಾತ್ರ ಅದರ ಪ್ರಶ್ನೆಯನ್ನು ತಾನೇ ಎತ್ತುವ ಗುಣ ಅದಕ್ಕಿದೆ. ವಿಭಾಗವೇ ಆಗಿಲ್ಲ ಎಂದವರನ್ನು ಅದರ ನೋಂದಣಿ ದಿನಾಂಕ ಕೇಳಿ ಗೋಳುಹೊಯ್ಯುವುದಿಲ್ಲ.

ಕನ್ನಡಕ್ಕೆ ಬಂದಾಗ ಈ ಪರೀಕ್ಷೆ ಇನ್ನಷ್ಟು ಬಿಗಿಯಾಗುತ್ತದೆ. ಇಂಗ್ಲಿಷಿನಲ್ಲಿ ಖಾಲಿ ಜಾಗಕ್ಕೆ ಹೆಸರು ತುಂಬಿದರೆ ವಾಕ್ಯ ಬಹುಮಟ್ಟಿಗೆ ನಿಲ್ಲುತ್ತದೆ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಅಂಟಬೇಕು: ರಮೇಶನಿಗೆ, ಹರಿಗೆ, ಗೀತಾಳಿಗೆ, ಗೌರಮ್ಮನಿಗೆ. ಕ್ರಿಯಾಪದ ಲಿಂಗವನ್ನೂ ವಚನವನ್ನೂ ನೋಡುತ್ತದೆ. ಪತ್ರಬರಹಗಾರರು ಇದಕ್ಕೆ ಎಂದೋ ದಾರಿ ಕಂಡುಕೊಂಡರು. 'ರವರು' ಎಂದು ಸೇರಿಸಿ ವಿಭಕ್ತಿಯ ಭಾರವನ್ನೆಲ್ಲ ಅದರ ಮೇಲೆ ಹೊರಿಸಿದರು. 'ಬಿಟ್ಟುಕೊಟ್ಟಿರುತ್ತಾರೆ' ಎಂಬ ಬಹುವಚನ ಗಂಡು, ಹೆಣ್ಣು, ಒಬ್ಬರು, ಐವರು ಎಲ್ಲರಿಗೂ ಒದಗಿತು. ವ್ಯಾಕರಣ ಬಲ್ಲವರು 'ಅವರು' ಎನ್ನಬೇಕೆಂದು ಆಕ್ಷೇಪಿಸುತ್ತಾರೆ, ಅವರ ಮಾತು ಸರಿ. ಆದರೂ ಯಾವ ಹೆಸರು ಬಂದರೂ ಕುಸಿಯದ ವಾಕ್ಯ ಕಟ್ಟಿದ ಆ ಜಾಣತನಕ್ಕೆ ನನಗೆ ಗೌರವವಿದೆ. ತಂತ್ರಾಂಶ ಇಷ್ಟನ್ನಾದರೂ ಮಾಡಬೇಕು, ಸಾಧ್ಯವಾದರೆ ಇದನ್ನು ಮೀರಬೇಕು. ಡಾಕ್ಅಸೆಂಬಲ್‌ನ ವ್ಯಾಕರಣ ಸಹಾಯಕಗಳು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಬರೆದವು; ನೇರವಾಗಿ ಕನ್ನಡಕ್ಕೆ ಒದಗುವುದಿಲ್ಲ. ಆದರೆ ಭಾಷೆಗೊಂದರಂತೆ ಅವುಗಳ ಜಾಗದಲ್ಲಿ ನಮ್ಮದೇ ನಿಯಮ ಕೂರಿಸಲು ಅಲ್ಲಿ ಅವಕಾಶವಿದೆ. ಲಕ್ಷ ಕೋಟಿಗಳಲ್ಲಿ ಮೊತ್ತವನ್ನು ಅಕ್ಷರಕ್ಕಿಳಿಸುವ ನಿಯಮವನ್ನೂ ಒಮ್ಮೆ ಬರೆದಿಟ್ಟರೆ ಆಯಿತು. ಯೂನಿಕೋಡ್ ಅಲ್ಲದ ಹಳೆಯ 'ನುಡಿ', 'ಬರಹ' ಫಾಂಟುಗಳಲ್ಲಿರುವ ಕಡತಗಳನ್ನು ಮಾತ್ರ ಮೊದಲು ಪರಿವರ್ತಿಸಿಕೊಳ್ಳಲೇಬೇಕು. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುವ ಪಠ್ಯವನ್ನು ಯಾವ ಷರತ್ತೂ ಗುರುತಿಸದು.

ಇದನ್ನೆಲ್ಲ ಮಾಡಲು ಪ್ರೋಗ್ರಾಮರ್ ಬೇಕಲ್ಲವೇ, ಇಬ್ಬರು ಗುಮಾಸ್ತರಿರುವ ಕಚೇರಿಗೆ ಎಟುಕೀತೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಸರ್ವರ್ ನಡೆಸಬೇಕು, ಅದರಲ್ಲಿ ಕನ್ನಡ ಫಾಂಟ್ ಹಾಕಬೇಕು, ಸಾಲಿನ ಇಂಡೆಂಟ್ ತಪ್ಪಿದರೂ ಕಡತ ಓಡುವುದಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರನ್ನಷ್ಟೇ ಬರೆಯುವವರು ಇದರ ಗೋಜಿಗೆ ಹೋಗಬೇಕಾಗಿಲ್ಲ. ಆದರೆ ಬರೆಯುವುದಕ್ಕೂ ಓದುವುದಕ್ಕೂ ಅಂತರವಿದೆ. ಕಡತ ಬರೆಯಲು ತಂತ್ರಜ್ಞರ ನೆರವು ಬೇಕಾದರೂ 'ನೋಂದಣಿ ದಿನಾಂಕ 2004ರ ಡಿಸೆಂಬರ್ 20ಕ್ಕಿಂತ ಮೊದಲು' ಎಂಬ ಸಾಲು ಸರಿಯೇ ಎಂದು ವಕೀಲರು ನೋಡಿ ಹೇಳಬಲ್ಲರು. ಕೃತಕ ಬುದ್ಧಿಮತ್ತೆಯೇ ಇಡೀ ಪತ್ರ ಬರೆಯುವಾಗ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಕರಡಿನ ಭಾಷೆ ತಿದ್ದಲು, ಪ್ರಶ್ನೆಗಳನ್ನು ತಿಳಿಗೊಳಿಸಲು ಅದು ಒದಗುತ್ತದೆ. ಆದರೆ ಅದೇ ಸಂಗತಿಗಳನ್ನು ಎರಡು ಸಲ ಕೊಟ್ಟರೆ ಅದೇ ಪತ್ರ ಬರುವುದೆಂಬ ಭರವಸೆ ಅಲ್ಲಿಲ್ಲ. ಮಗಳ ಹೆಸರು ಯಾಕೆ ಬಿಟ್ಟುಹೋಯಿತು ಎಂದು ಕೇಳಿದರೆ ಬೆರಳಿಟ್ಟು ತೋರಿಸಲು ಒಂದು ಸಾಲೂ ಇಲ್ಲ. ಪಾಲು ಕಳೆದುಕೊಂಡವಳಿಗೆ ಆ ಸಾಲನ್ನು ತೋರಿಸಬೇಕಾದ ಹೊಣೆ ಪತ್ರ ಬರೆದವರದು.

ಆದ್ದರಿಂದ ಕೊಳ್ಳುವ ಮೊದಲು ಮೂರು ಕುಟುಂಬಗಳನ್ನು ಕಲ್ಪಿಸಿಕೊಂಡು ಆ ತಂತ್ರಾಂಶದ ಮುಂದೆ ಇಡಬೇಕು. ಮೂರರಲ್ಲೂ ಆಸ್ತಿ ಪಿತ್ರಾರ್ಜಿತ, ಮಗಳ ಮದುವೆ 1990ರಲ್ಲಿ, ತಂದೆ ತೀರಿಕೊಂಡದ್ದು 2001ರಲ್ಲಿ. ಮೊದಲನೆಯದರಲ್ಲಿ ವಿಭಾಗವೇ ಆಗಿಲ್ಲ. ಮಗಳು ಕಕ್ಷಿಯಾಗಿ ಬರಬೇಕು. ಎರಡನೆಯದರಲ್ಲಿ 2003ರಲ್ಲೇ ವಿಭಾಗಪತ್ರ ನೋಂದಣಿಯಾಗಿದೆ. ಹೊಸ ಪತ್ರಕ್ಕೆ ಮುನ್ನ ಆ ನೋಂದಣಿ ಸಂಖ್ಯೆ ಕೇಳಬೇಕು. ಮೂರನೆಯದರಲ್ಲಿ ಅಣ್ಣತಮ್ಮಂದಿರು ಊರ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿದ್ದೇವೆ ಎನ್ನುತ್ತಾರೆ. ಅಂಥ ಪಾಲನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದೆಂದು 2020ರ ತೀರ್ಪು ಹೇಳಿದೆ. ಅದನ್ನು ತೂಗುವುದು ಯಂತ್ರದ ಕೆಲಸವಲ್ಲ. ಮೂರನೆಯ ಕುಟುಂಬಕ್ಕೆ ತಂತ್ರಾಂಶ ಅಚ್ಚುಕಟ್ಟಾದ ಪತ್ರವನ್ನು ಮುದ್ರಿಸಿಕೊಟ್ಟರೆ ಅದನ್ನು ಕೊಳ್ಳಬಾರದು. ಪತ್ರ ಕೊಡದೆ ಅಲ್ಲೇ ನಿಂತು, ಪಹಣಿ ಮತ್ತು ಮ್ಯುಟೇಶನ್ ದಾಖಲೆಗಳೊಂದಿಗೆ ವಕೀಲರನ್ನು ಕಾಣಿರಿ ಎಂದು ಹೇಳಿದರೆ ಬೆಲೆಯ ಮಾತನ್ನು ಶುರು ಮಾಡಬಹುದು.